ಎಕ್ಸ್‌ಪಿಡೈಟ್: ಕಾಲ್ಕೋಳ ಕಳಚುವ ಕ್ರಿಯಾಪದ

ಸರಕಾರಿ ಕಚೇರಿಗಳಿಗೆ ಸಲ್ಲಿಸುವ ಇಂಗ್ಲಿಷ್ ಅರ್ಜಿಗಳ ಕೊನೆಯ ಸಾಲುಗಳಲ್ಲಿ ಪದೇಪದೇ ಕಾಣಸಿಗುವ ಕ್ರಿಯಾಪದವೊಂದಿದೆ: ‘ಎಕ್ಸ್‌ಪಿಡೈಟ್’. ವರ್ಗಾವಣೆ ಪತ್ರ, ವಿದ್ಯಾರ್ಥಿವೇತನ, ಜಾತಿ ಪ್ರಮಾಣಪತ್ರ, ಪಿಂಚಣಿ, ಜಮೀನಿನ ಖಾತೆ ಇವುಗಳಲ್ಲಿ ಯಾವುದು ತಡವಾದರೂ ಅರ್ಜಿ ಬರೆಯುವವರ ಲೇಖನಿ ಈ ಶಬ್ದದತ್ತ ತಿರುಗುತ್ತದೆ. ನ್ಯಾಯಾಲಯಗಳ ಆದೇಶಗಳಲ್ಲಿಯೂ ಕಾಯಿದೆಗಳ ಕಲಮುಗಳಲ್ಲಿಯೂ ಇದರ ಬಳಗ ಹರಡಿಕೊಂಡಿದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಇದನ್ನು ಇಂಗ್ಲಿಷ್ ಪತ್ರಲೇಖನದ ಪಾಠದಲ್ಲಿ ಎದುರುಗೊಳ್ಳಬಹುದು. ಅವರ ತಂದೆತಾಯಿಯರು ಕಚೇರಿಯ ಬಾಗಿಲಲ್ಲಿ ಎದುರುಗೊಳ್ಳುತ್ತಾರೆ. ‘ಬೇಗ ಮಾಡು’ ಎಂಬಷ್ಟೇ ಅರ್ಥ ತಿಳಿದು ಮುಂದೆ ಸಾಗುವವರು ಬಹಳ. ಆದರೆ ಈ ಶಬ್ದದ ಹುಟ್ಟನ್ನು ಅರಿತವರಿಗೆ ಅರ್ಜಿ ಬರೆಯುವ ಬಗೆಯೂ ತುಸು ಹೊಳೆಯುತ್ತದೆ.

ಪಾದದಿಂದ ಹುಟ್ಟಿದ ಶಬ್ದ

ಎಕ್ಸ್‌ಪಿಡೈಟ್ ಲ್ಯಾಟಿನ್ ಭಾಷೆಯ ‘ಎಕ್ಸ್‌ಪೆಡೀರೆ’ ಎಂಬ ಕ್ರಿಯಾಪದದಿಂದ ಬಂದಿದೆ. ಅದರಲ್ಲಿ ‘ಎಕ್ಸ್’ ಎಂದರೆ ಹೊರಗೆ. ‘ಪೆಡ್’ ಎಂದರೆ ಪಾದ. ತೊಡಕಿನಲ್ಲಿ ಸಿಲುಕಿದ ಪಾದವನ್ನು ಹೊರಗೆ ಬಿಡಿಸುವುದು, ಕಾಲಿನ ಕೋಳವನ್ನು ಕಳಚುವುದು, ಇದೇ ಮೂಲಾರ್ಥ. ಕಟ್ಟು ಬಿಚ್ಚಿದ ಕಾಲು ತಾನಾಗಿಯೇ ಮುಂದಕ್ಕೆ ನಡೆಯುತ್ತದೆ. ಆದ್ದರಿಂದ ಅಣಿಗೊಳಿಸು, ಸುಗಮಗೊಳಿಸು ಎಂಬ ಅರ್ಥಗಳು ಮೊದಲು ಬೆಳೆದವು. ತ್ವರಿತಗೊಳಿಸು ಎಂಬುದು ಅವುಗಳ ಬೆನ್ನಿಗೆ ಬಂದಿತು.

ಇದರ ವಿರುದ್ಧಪದವೂ ಅದೇ ಪಾದದಿಂದ ಹುಟ್ಟಿದೆ. ‘ಇಂಪೆಡೀರೆ’ ಎಂದರೆ ಕಾಲಿಗೆ ತೊಡರಿಕ್ಕುವುದು. ಅದರಿಂದ ಇಂಗ್ಲಿಷಿಗೆ ಅಡ್ಡಿಪಡಿಸು ಎಂಬ ಅರ್ಥದ ‘ಇಂಪೀಡ್’ ಬಂದಿದೆ. ಅಡಚಣೆ ಎಂಬ ಅರ್ಥದ ‘ಇಂಪೆಡಿಮೆಂಟ್’ ಬಂದಿದೆ. ರೋಮನ್ ಸೈನ್ಯದಲ್ಲಿ ಗಂಟುಮೂಟೆಗಳಿಗೆ ‘ಇಂಪೆಡಿಮೆಂಟ’ ಎಂದೇ ಹೆಸರಿತ್ತು. ಗಾಲ್ ದೇಶದ ಯುದ್ಧಗಳನ್ನು ಕುರಿತ ಜೂಲಿಯಸ್ ಸೀಸರನ ಬರಹದಲ್ಲಿ ಈ ಶಬ್ದ ಹಲವು ಕಡೆ ಬರುತ್ತದೆ. ಹೊರೆಯನ್ನು ಹಿಂದೆ ಬಿಟ್ಟು ಹಗುರವಾಗಿ ಸಾಗುವ ಸೈನಿಕರನ್ನು ‘ಎಕ್ಸ್‌ಪೆಡೀಟಿ’ ಎಂದು ಕರೆಯುತ್ತಿದ್ದರು. ದಂಡಯಾತ್ರೆ, ಅನ್ವೇಷಣಾ ಪ್ರವಾಸ ಎಂಬ ಅರ್ಥಗಳಲ್ಲಿ ಇಂದು ಬಳಸುವ ‘ಎಕ್ಸ್‌ಪಿಡಿಷನ್’ ಈ ಮನೆತನದ್ದೇ.

ಕನ್ನಡಿಗರಿಗೆ ಈ ‘ಪೆಡ್’ ಪೂರ್ತಿ ಅಪರಿಚಿತವಲ್ಲ. ಲ್ಯಾಟಿನ್ ಮತ್ತು ಸಂಸ್ಕೃತಗಳು ಒಂದೇ ಇಂಡೋ-ಯೂರೋಪಿಯನ್ ಭಾಷಾಕುಟುಂಬಕ್ಕೆ ಸೇರಿದವು. ಕನ್ನಡವು ಸಂಸ್ಕೃತದಿಂದ ಪಡೆದ ‘ಪಾದ’, ‘ಪದ’ಗಳು ಲ್ಯಾಟಿನ್ನಿನ ‘ಪೆಡ್’ಗೆ ದಾಯಾದಿಗಳು. ಇಂಗ್ಲಿಷಿನ ‘ಫುಟ್’ ಸಹ ಅದೇ ಬೇರಿನದು. ‘ಸೆಂಟಿಪೀಡ್’ ಎಂಬುದನ್ನು ಬಿಡಿಸಿದರೆ ನೂರು ಕಾಲುಗಳುಳ್ಳದ್ದು ಎಂದಾಗುತ್ತದೆ. ನಮ್ಮ ‘ಶತಪದಿ’ಯ ಅರ್ಥವೂ ಅದೇ. ಸೈಕಲ್ಲಿನ ಪೆಡಲ್, ಕಾಲ್ನಡಿಗೆಯವನೆಂಬ ಅರ್ಥದ ಪೆಡೆಸ್ಟ್ರಿಯನ್ ಇವೂ ಒಂದೇ ಬಳ್ಳಿಯ ಕಾಯಿಗಳು. ಹೀಗೆ ಒಂದು ಬೇರನ್ನು ಹಿಡಿದ ವಿದ್ಯಾರ್ಥಿಗೆ ಹಲವು ಶಬ್ದಗಳು ಕಂಠಪಾಠವಿಲ್ಲದೆ ನೆನಪಿನಲ್ಲಿ ಉಳಿಯುತ್ತವೆ.

ನೆರೆಯ ಶಬ್ದಗಳು

ವೇಗವನ್ನು ಸೂಚಿಸುವ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ. ಅವೆಲ್ಲ ಒಂದೇ ಅಲ್ಲ. ‘ಆಕ್ಸಲರೇಟ್’ ಎಂಬುದರ ಮೂಲ, ಲ್ಯಾಟಿನ್ನಿನಲ್ಲಿ ಶೀಘ್ರ ಎಂಬ ಅರ್ಥದ ‘ಕೆಲೆರ್’. ಚಲಿಸುತ್ತಿರುವುದರ ವೇಗವನ್ನು ಹೆಚ್ಚಿಸುವುದು ಅದರ ಮುಖ್ಯ ಕೆಲಸ. ವಾಹನದ ಆಕ್ಸಲರೇಟರ್, ವಿಜ್ಞಾನ ಪಾಠದ ವೇಗೋತ್ಕರ್ಷ ಅಲ್ಲಿಗೆ ಸೇರುತ್ತವೆ. ‘ಹೇಸನ್’ ಎಂದರೆ ಅವಸರಪಡಿಸು. ‘ಪ್ರೆಸಿಪಿಟೇಟ್’ ಎಂಬುದರಲ್ಲಿ ಪಾದದ ಬದಲು ತಲೆ ಅಡಗಿದೆ: ತಲೆ ಮುಂದಾಗಿ ಕೆಳಕ್ಕೆ ಬೀಳುವಂತೆ ಮಾಡುವುದು ಅದರ ಮೂಲಾರ್ಥ. ಆಗಬಾರದ ಹೊತ್ತಿನಲ್ಲಿ ಏನಾದರೂ ಥಟ್ಟನೆ ಆಗುವಂತೆ ಮಾಡಿದಾಗ ಆ ಶಬ್ದ ಒಪ್ಪುತ್ತದೆ.

ಎಕ್ಸ್‌ಪಿಡೈಟ್ ಇವುಗಳಿಂದ ಬೇರೆ. ನಡೆಯಬೇಕಾದ ಕೆಲಸವೊಂದು ತಡೆಯಿಲ್ಲದೆ, ಕ್ರಮ ಬಿಡದೆ, ಬೇಗ ಮುಗಿಯುವಂತೆ ನೋಡಿಕೊಳ್ಳುವುದು ಅದರ ಸ್ವಭಾವ. ಓಡುವ ಕುದುರೆಯನ್ನು ಎಕ್ಸ್‌ಪಿಡೈಟ್ ಮಾಡಲಾಗದು. ನಿಂತುಹೋದ ಕಡತವನ್ನು ಮಾಡಬಹುದು.

ಬಳಕೆಯ ಕ್ರಮ

ಉಚ್ಚಾರಣೆಯಲ್ಲಿ ಒತ್ತು ಮೊದಲ ಅಕ್ಷರವಾದ ‘ಎಕ್ಸ್’ ಮೇಲೆ ಬೀಳಬೇಕು. ಕೊನೆಯ ಭಾಗ ‘ಡೈಟ್’, ‘ಡಿಟ್’ ಅಲ್ಲ. ಇದು ಸಕರ್ಮಕ ಕ್ರಿಯಾಪದವಾದ ಕಾರಣ ಕರ್ಮಪದ ಜೊತೆಗಿರಬೇಕು. ‘ಪ್ಲೀಸ್ ಎಕ್ಸ್‌ಪಿಡೈಟ್’ ಎಂದಷ್ಟೇ ಬರೆದು ನಿಲ್ಲಿಸಿದರೆ ಯಾವುದನ್ನು ಎಂಬ ಪ್ರಶ್ನೆ ಉಳಿಯುತ್ತದೆ. ‘ಪ್ಲೀಸ್ ಎಕ್ಸ್‌ಪಿಡೈಟ್ ದಿ ಇಶ್ಯೂ ಆಫ್ ದಿ ಟ್ರಾನ್ಸ್‌ಫರ್ ಸರ್ಟಿಫಿಕೇಟ್’ ಎಂಬುದು ಪೂರ್ಣ ವಾಕ್ಯ. ‘ಎಕ್ಸ್‌ಪಿಡೈಟ್ ಕ್ವಿಕ್‌ಲಿ’ ಎನ್ನುವುದು ಬೇಗ ಬೇಗಮಾಡಿ ಎಂದಂತೆ ಪುನರುಕ್ತಿ. ಕ್ರಿಯಾವಿಶೇಷಣ ಬೇಕಾದಲ್ಲಿ ‘ಎಕ್ಸ್‌ಪಿಡಿಷಸ್‌ಲಿ’ ಇದೆ. ಇದೇ ಮೂಲದ ‘ಎಕ್ಸ್‌ಪೀಡಿಯಂಟ್’ ಎಂಬ ಶಬ್ದವನ್ನು ಮಾತ್ರ ಇದರೊಡನೆ ಬೆರೆಸಬಾರದು. ಅನೇಕ ಕಾಯಿದೆಗಳ ಪ್ರಸ್ತಾವನೆಯಲ್ಲಿ ಬರುವ ಆ ಶಬ್ದದ ಅರ್ಥ ‘ಯುಕ್ತವಾದ’, ‘ಅನುಕೂಲವಾದ’ ಎಂದು.

ಕಾನೂನಿನ ಅಂಗಳದಲ್ಲಿ

‘ಸಾಧ್ಯವಾದಷ್ಟು ಶೀಘ್ರವಾಗಿ’ ಎಂಬ ಮಾತು ಹಲವು ಕಾಯಿದೆಗಳಲ್ಲಿದೆ. ಅದೊಂದೇ ಇದ್ದರೆ ಎಷ್ಟು ಶೀಘ್ರ ಎಂಬುದಕ್ಕೆ ಅಳತೆಗೋಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯು ಈ ಕೊರತೆಯನ್ನು ತುಂಬಿದೆ. ಅದರ 7ನೆಯ ಕಲಮಿನ ಪ್ರಕಾರ ಮಾಹಿತಿ ಅಧಿಕಾರಿಯು ಸಾಧ್ಯವಾದಷ್ಟು ಶೀಘ್ರವಾಗಿ, ಸಾಮಾನ್ಯವಾಗಿ 30 ದಿನಗಳೊಳಗೆ, ಮಾಹಿತಿ ನೀಡಬೇಕು ಅಥವಾ ಕಾರಣ ತಿಳಿಸಿ ನಿರಾಕರಿಸಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ ಅವಧಿ 48 ಗಂಟೆಗಳು. ಅವಧಿ ಮೀರಿದರೆ ನಿರಾಕರಿಸಿದಂತೆಯೇ ಎಣಿಕೆ; ಅರ್ಜಿದಾರನು ಮೇಲ್ಮನವಿಗೆ ಹೋಗಬಹುದು. ವಿನಂತಿಯ ಮಾತಾಗಿದ್ದ ಶೀಘ್ರತೆ ಇಲ್ಲಿ ಎಣಿಸಬಹುದಾದ ದಿನಗಳಾಗಿದೆ.

ವಿಳಂಬದ ಕೋಳ ಎಷ್ಟು ಭಾರವಾಗಬಲ್ಲದೆಂಬುದನ್ನು 1979ರ ಹುಸೈನಾರಾ ಖಾತೂನ್ ಪ್ರಕರಣ ತೋರಿಸಿತು. ಬಿಹಾರದ ಸೆರೆಮನೆಗಳಲ್ಲಿದ್ದ ಹಲವು ವಿಚಾರಣಾಧೀನ ಕೈದಿಗಳು, ಅಪರಾಧ ಸಾಬೀತಾದರೆ ಸಿಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತಲೂ ದೀರ್ಘಕಾಲ ಒಳಗೇ ಉಳಿದಿದ್ದರು. ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಅಲ್ಲಿ ‘ಎಕ್ಸ್‌ಪಿಡೈಟ್’ ಎಂಬುದು ತನ್ನ ಮೂಲಾರ್ಥಕ್ಕೇ ಮರಳಿದಂತಾಯಿತು. ಆದರೂ ಎಲ್ಲ ಕ್ರಿಮಿನಲ್ ಪ್ರಕರಣಗಳಿಗೂ ನ್ಯಾಯಾಲಯವೇ ಒಂದೇ ಕಾಲಮಿತಿ ವಿಧಿಸಲಾಗದೆಂದು, 2002ರಲ್ಲಿ ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಶೀಘ್ರತೆ ಹಕ್ಕು ಹೌದು. ಅದರ ಅಳತೆ ಪ್ರತಿ ಪ್ರಕರಣದ ಸಂಗತಿಗಳನ್ನು ಅವಲಂಬಿಸಿದೆ.

ಗಡಿನಾಡಿನ ಅರ್ಜಿ

ಕಾಸರಗೋಡಾಗಲಿ, ಸೊಲ್ಲಾಪುರವಾಗಲಿ, ತಾಳವಾಡಿಯಾಗಲಿ, ಗಡಿಯಾಚೆಯ ಕನ್ನಡ ಕುಟುಂಬಗಳ ಕಡತಗಳಿಗೆ ಒಂದು ವಿಶೇಷ ತೊಡಕುಂಟು. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ, ರಾಜ್ಯದ ದಾಖಲೆಯಲ್ಲಿ ಇನ್ನೊಂದು ಲಿಪಿಯಲ್ಲಿ, ಆಧಾರ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಶಶಿಧರ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಂದೆಡೆ ‘ಎಸ್’ ಮಾತ್ರದಿಂದ, ಮತ್ತೊಂದೆಡೆ ‘ಎಸ್-ಎಚ್’ ಜೋಡಿಯಿಂದ ಬರೆದಿದ್ದರೆ ಒಬ್ಬನೇ ಬಾಲಕ ಇಬ್ಬರಾಗಿ ಕಾಣುತ್ತಾನೆ. ಕಡತದ ಕಾಲು ಅಲ್ಲಿ ಸಿಲುಕುತ್ತದೆ. ಅಂತಹ ಸಂದರ್ಭದಲ್ಲಿ ಎಷ್ಟು ಸಲ ‘ಎಕ್ಸ್‌ಪಿಡೈಟ್’ ಎಂದು ಬರೆದರೂ ಪ್ರಯೋಜನ ಕಡಿಮೆ. ತೊಡಕು ಯಾವುದೆಂದು ಹೆಸರಿಸಬೇಕು. ಹಿಂದಿನ ಅರ್ಜಿಯ ದಿನಾಂಕ, ಸ್ವೀಕೃತಿ ಸಂಖ್ಯೆ, ನಿಂತಿರುವ ಹಂತ, ಭೇದವಿರುವ ಅಕ್ಷರ, ಪ್ರವೇಶಕ್ಕೆ ಉಳಿದಿರುವ ಕೊನೆಯ ದಿನ ಇಷ್ಟನ್ನು ಕ್ರಮವಾಗಿ ಬರೆದ ಅರ್ಜಿಯು ಅಧಿಕಾರಿಗೆ ಬಿಚ್ಚಬೇಕಾದ ಗಂಟನ್ನು ತೋರಿಸಿಕೊಡುತ್ತದೆ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿ ಇಟ್ಟುಕೊಳ್ಳುವುದು ಮುಂದಿನ ಹೆಜ್ಜೆಗೆ ಆಧಾರ.

ಇಂಗ್ಲಿಷ್ ಬಾರದವರ ಅರ್ಜಿಗೆ ಬೆಲೆಯಿಲ್ಲವೆಂಬ ಅಳುಕು ಬೇಡ. ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಬರೆದುದೆಂಬ ಕಾರಣಕ್ಕೆ ಮನವಿಯನ್ನು ಹಿಂದಿರುಗಿಸುವುದು ಅದರ ಆಶಯಕ್ಕೆ ವಿರುದ್ಧ. ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಕಾಯಿದೆಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯನ್ನು ಹೇಳಿದೆ. ಬರೆಯಲಾಗದವನ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದೂ ವಿಧಿಸಿದೆ.

ಮಕ್ಕಳು ‘ಎಕ್ಸ್‌ಪಿಡೈಟ್’ ಎಂಬ ಶಬ್ದವನ್ನು ಕಲಿಯಲಿ, ಸರಿಯಾಗಿ ಉಚ್ಚರಿಸಲಿ, ಕರ್ಮಪದ ಸೇರಿಸಿ ಬರೆಯಲಿ. ‘ದಯವಿಟ್ಟು ಈ ತೊಡಕನ್ನು ಬಿಡಿಸಿ, ಪ್ರಮಾಣಪತ್ರವನ್ನು ಶೀಘ್ರವಾಗಿ ಕೊಡಿಸಬೇಕು’ ಎಂಬ ಕನ್ನಡದ ಸಾಲೂ ಅದೇ ಕೆಲಸವನ್ನು ಮಾಡುತ್ತದೆಂಬುದನ್ನು ಮನೆಯ ಹಿರಿಯರು ಅವರಿಗೆ ತಿಳಿಸಿಕೊಡಲಿ.