ಏಳು ದಿನದ ರಕ್ತದೊತ್ತಡ: ಸರಾಸರಿಯೊಂದೇ ಸಾಲದು

ಮನೆಯಲ್ಲಿಯೇ ರಕ್ತದೊತ್ತಡವನ್ನು ಅಳೆದುಕೊಳ್ಳುವ ರೂಢಿ ಆಂಡರ್ಸನ್‌ಪೇಟೆಯಂತಹ ಊರುಗಳಲ್ಲಿಯೂ ಬೆಳೆದಿದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿಯ ಅನೇಕರು ದುಡಿಮೆಗಾಗಿ ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಹಿರಿಯರು ಚೀಟಿಯಲ್ಲಿ ಬರೆದಿಟ್ಟ ಅಂಕಿಗಳನ್ನು, ರಾತ್ರಿ ಮನೆ ಸೇರಿದ ಮಕ್ಕಳು ಮೊಬೈಲಿನ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ತುಂಬಿ, ಸರಾಸರಿಯನ್ನಷ್ಟೇ ವೈದ್ಯರಿಗೆ ತೋರಿಸುವುದುಂಟು. ಅಂಕಿಗಳು ಕೆಲವೇ ಇದ್ದಾಗ ಈ ಒಂದು ಸಂಖ್ಯೆ ದಾರಿ ತಪ್ಪಿಸಬಹುದು. ಔಷಧದ ಪ್ರಮಾಣವೂ ಅದನ್ನು ಅವಲಂಬಿಸಿರುವುದರಿಂದ ಎಚ್ಚರ ಅಗತ್ಯ.

ಏಳು ಬೆಳಗಿನ ಮೇಲಿನ ಅಂಕಿಗಳು 128, 132, 130, 126, 134, 131, 178 ಎಂದು ಭಾವಿಸೋಣ. ಇವುಗಳ ಸರಾಸರಿ 137. ಮನೆಯ ಅಳತೆಯಲ್ಲಿ ಸರಾಸರಿ 135 ಅಥವಾ ಅದಕ್ಕೂ ಹೆಚ್ಚಿದ್ದರೆ ಅಧಿಕ ಒತ್ತಡವೆಂದು ಪರಿಗಣಿಸುತ್ತಾರೆ. ಆದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಮಧ್ಯಾಂಕ 131 ಮಾತ್ರ. ಆರು ದಿನ 134ನ್ನು ದಾಟದ ಒತ್ತಡವನ್ನು ಒಂದೇ ದಿನದ 178 ಮೇಲಕ್ಕೆಳೆದಿದೆ.

ಹಾಗೆಂದು 178ನ್ನು ಅಳಿಸಬಾರದು. ಆಯುರ್ವೇದವು ದರ್ಶನ, ಸ್ಪರ್ಶನಗಳೊಂದಿಗೆ ಪ್ರಶ್ನವನ್ನೂ ರೋಗಪರೀಕ್ಷೆಯ ಅಂಗವೆಂದು ಹೇಳಿದೆ. ಅಂದು ನಿದ್ರೆ ಕೆಟ್ಟಿತ್ತೇ, ಮಾತ್ರೆ ತಪ್ಪಿತ್ತೇ, ಮೆಟ್ಟಿಲೇರಿ ಬಂದ ಕೂಡಲೇ ಅಳೆದದ್ದೇ ಎಂದು ವೈದ್ಯರು ಕೇಳಲು ಆ ಅಂಕಿಯೇ ಆಧಾರ.

ಅಂಕಿಗಳನ್ನು ತುಂಬುವಾಗ ಈ ಮೂರನ್ನು ಗಮನಿಸಬೇಕು.

ಒಂದು, 130/80 ಎಂದು ಒಂದೇ ಚೌಕದಲ್ಲಿ ಬರೆದರೆ ತಂತ್ರಾಂಶವು ಅದನ್ನು ಸಂಖ್ಯೆಯಾಗಿ ಎಣಿಸದೆ ಪಠ್ಯವೆಂದು ತಿಳಿಯುತ್ತದೆ. ಮೇಲಿನ ಹಾಗೂ ಕೆಳಗಿನ ಅಂಕಿಗಳಿಗೆ ಬೇರೆ ಬೇರೆ ಕಂಬಸಾಲುಗಳಿರಲಿ.

ಎರಡು, ಅಳೆಯದ ದಿನದ ಚೌಕ ಖಾಲಿಯಿರಲಿ, ಸೊನ್ನೆ ಬೇಡ. ಖಾಲಿ ಚೌಕವನ್ನು ‘ಎವರೇಜ್’ ಸೂತ್ರವು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮೇಲಿನ ಪಟ್ಟಿಯಲ್ಲಿ 178ರ ಬದಲು ಸೊನ್ನೆ ಇದ್ದಿದ್ದರೆ ಸರಾಸರಿ 112ಕ್ಕೆ ಕುಸಿಯುತ್ತಿತ್ತು.

ಮೂರು, ಏರಿಳಿತವನ್ನು ತಿಳಿಸುವ ಮಾನಕ ವಿಚಲನೆಗೆ ಎರಡು ಸೂತ್ರಗಳಿವೆ. ‘ಎಸ್‌ಟಿಡಿಇವಿ.ಪಿ’ ಏಳರಿಂದ ಭಾಗಿಸಿ 16.9 ಎನ್ನುತ್ತದೆ, ‘ಎಸ್‌ಟಿಡಿಇವಿ.ಎಸ್’ ಆರರಿಂದ ಭಾಗಿಸಿ 18.3 ಎನ್ನುತ್ತದೆ. ಏಳು ದಿನಗಳು ಇಡೀ ವರ್ಷದ ಒಂದು ಮಾದರಿ ಮಾತ್ರವಾದ್ದರಿಂದ ಎರಡನೆಯದೇ ಯುಕ್ತ. ಅಂಕಿಗಳು ನೂರಾರು ಇದ್ದರೆ ಈ ಅಂತರ ನಗಣ್ಯ.

ವೈದ್ಯರ ಬಳಿಗೆ ಹೋಗುವಾಗ ಸರಾಸರಿ, ಮಧ್ಯಾಂಕ, ಕನಿಷ್ಠ, ಗರಿಷ್ಠಗಳೊಂದಿಗೆ ಮೂಲ ಚೀಟಿಯನ್ನೂ ಒಯ್ಯಬೇಕು. ಲೆಕ್ಕವನ್ನು ನಂಬಿ ತಾವೇ ಮಾತ್ರೆಯನ್ನು ಹೆಚ್ಚಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು. ಒತ್ತಡ 180/120ನ್ನು ಮುಟ್ಟಿ, ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತಿನ ತೊದಲು ಕಂಡರೆ ಏಳು ದಿನ ಕಾಯದೆ ತಕ್ಷಣವೇ ಆಸ್ಪತ್ರೆ ಸೇರಬೇಕು.