ಒಂದು ಸರ್ವರ್, ಎರಡು ಮಾರ್ಗಗಳು

ಒಂದು ಸಂಪರ್ಕ ಕಡಿದರೆ ಇನ್ನೊಂದು ಕೈಹಿಡಿಯಲೆಂಬ ಉದ್ದೇಶದಿಂದ ದೆಹಲಿ, ನೋಯ್ಡಾ, ಗುರುಗ್ರಾಮಗಳ ಬ್ಯಾಂಕುಗಳೂ ಕಚೇರಿಗಳೂ ತಮ್ಮ ಸರ್ವರ್‌ಗೆ, ಎಂದರೆ ಕೇಳಿದವರಿಗೆ ಮಾಹಿತಿಯನ್ನು ಒದಗಿಸುವ ಗಣಕಕ್ಕೆ, ಎರಡು ಬೇರೆ ಬೇರೆ ಸಂಸ್ಥೆಗಳಿಂದ ಅಂತರ್ಜಾಲ ಸಂಪರ್ಕವನ್ನು ಪಡೆಯುವುದುಂಟು. ಆದರೆ ಎರಡು ತಂತಿಗಳನ್ನು ತಂದು ಜೋಡಿಸಿದ ಮಾತ್ರಕ್ಕೆ ಎರಡು ಮಾರ್ಗಗಳು ದೊರೆತಂತಾಗುವುದಿಲ್ಲ. ಹೊರಗಿನಿಂದ ಬಂದ ಪ್ರಶ್ನೆಗೆ ಉತ್ತರವು ಯಾವ ಬಾಗಿಲಿನಿಂದ ಹೊರಡತಕ್ಕದ್ದು ಎಂಬುದನ್ನು ಸರ್ವರ್‌ಗೆ ವಿಧಿಸದಿದ್ದಲ್ಲಿ, ಹಣ ತೆತ್ತು ಪಡೆದ ಎರಡನೆಯ ಸಂಪರ್ಕವು ಇದ್ದೂ ಇಲ್ಲದಂತೆಯೇ ಸರಿ. ಈ ತೊಡಕಿನ ಸ್ವರೂಪವೇನು, ಪರಿಹಾರವೇನು ಎಂಬುದು ವಿಚಾರಣೀಯವಾದ ವಿಷಯ.

ಅಂತರ್ಜಾಲದಲ್ಲಿ ಮಾಹಿತಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಸಾಗುತ್ತದೆ. ಅಂಚೆಯ ಲಕೋಟೆಯ ಮೇಲಿರುವಂತೆ ಪ್ರತಿಯೊಂದು ಪೊಟ್ಟಣದ ಮೇಲೂ ಎರಡು ವಿಳಾಸಗಳಿರುತ್ತವೆ: ಹೊರಟ ಸ್ಥಳದ್ದೊಂದು, ಸೇರಬೇಕಾದ ಸ್ಥಳದ್ದೊಂದು. ಸರ್ವರ್‌ನಲ್ಲಿರುವ ಮಾರ್ಗಪಟ್ಟಿಯು ಸಾಮಾನ್ಯವಾಗಿ ಸೇರಬೇಕಾದ ವಿಳಾಸವನ್ನಷ್ಟೇ ನೋಡುತ್ತದೆ. ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹೆಸರಿಸದ ಎಲ್ಲ ವಿಳಾಸಗಳಿಗೂ ‘ಡಿಫಾಲ್ಟ್’ ಎಂಬ ಒಂದೇ ಮಾರ್ಗವನ್ನು ತೋರಿಸುತ್ತದೆ. ಸಂಪರ್ಕ ಒಂದೇ ಆಗಿರುವಲ್ಲಿ ಇದರಿಂದ ಬಾಧಕವಿಲ್ಲ.

ಎರಡಾದಾಗ ತೊಡಕು ಹುಟ್ಟುತ್ತದೆ. ನೋಯ್ಡಾದಲ್ಲಿರುವ ಒಂದು ಬ್ಯಾಂಕಿನ ಸರ್ವರ್‌ಗೆ ಮೊದಲ ಸಂಸ್ಥೆಯು ೨೦೩.೦.೧೧೩.೧೦ ಎಂಬ ವಿಳಾಸವನ್ನೂ, ಎರಡನೆಯ ಸಂಸ್ಥೆಯು ೧೯೮.೫೧.೧೦೦.೧೦ ಎಂಬ ವಿಳಾಸವನ್ನೂ ಕೊಟ್ಟಿವೆಯೆಂದು ಭಾವಿಸಬಹುದು. ಇವು ಉದಾಹರಣೆಗಳಿಗೆಂದೇ ಮೀಸಲಾದ ಸಂಖ್ಯೆಗಳು. ಡಿಫಾಲ್ಟ್ ಮಾರ್ಗವು ಮೊದಲ ಸಂಸ್ಥೆಯ ಕಡೆಗಿದೆ. ಧಾರವಾಡದ ಗ್ರಾಹಕನೊಬ್ಬನ ಪ್ರಶ್ನೆಯು ಎರಡನೆಯ ವಿಳಾಸಕ್ಕೆ ಬಂದು ಮುಟ್ಟುತ್ತದೆ. ಸರ್ವರ್ ಆ ಎರಡನೆಯ ವಿಳಾಸವನ್ನೇ ಹೊರಟ ಸ್ಥಳವೆಂದು ನಮೂದಿಸಿ ಉತ್ತರವನ್ನು ಸಿದ್ಧಪಡಿಸುತ್ತದೆ. ಮಾರ್ಗಪಟ್ಟಿಯಾದರೋ ಅದನ್ನು ಮೊದಲ ಸಂಸ್ಥೆಯ ಬಾಗಿಲಿಗೆ ಅಟ್ಟುತ್ತದೆ. ಆ ಉತ್ತರದ ಅವಸ್ಥೆ, ನಿಜಾಮುದ್ದೀನಿನಿಂದ ಹೊರಡುವ ಗಾಡಿಯ ಟಿಕೆಟ್ಟು ಹಿಡಿದು ಹೊಸ ದೆಹಲಿಯ ನಿಲ್ದಾಣದಲ್ಲಿ ನಿಂತವನ ಅವಸ್ಥೆ. ತನ್ನದಲ್ಲದ ವಿಳಾಸವನ್ನು ಹೊತ್ತ ಪೊಟ್ಟಣವನ್ನು ಮೊದಲ ಸಂಸ್ಥೆಯ ರೂಟರ್ ಬಿಸುಡಬಹುದು. ಇದು ಹಟವಲ್ಲ. ಸುಳ್ಳು ವಿಳಾಸಗಳ ಮರೆಯಲ್ಲಿ ನಡೆಯುವ ದಾಳಿಗಳನ್ನು ತಡೆಯಲು ಇಂತಹ ಪೊಟ್ಟಣಗಳನ್ನು ತಡೆಹಿಡಿಯಬೇಕೆಂದು, ಅಂತರ್ಜಾಲದ ನಿಯಮಗಳನ್ನು ರೂಪಿಸುವ ಐ.ಇ.ಟಿ.ಎಫ್. ಮಂಡಲಿಯು ೨೦೦೦ದ ಮೇ ತಿಂಗಳಲ್ಲಿಯೇ ಸಲಹೆ ಮಾಡಿತು. ಪರಿಣಾಮವಾಗಿ, ಬ್ಯಾಂಕಿನವರ ಕಣ್ಣಿಗೆ ಎರಡು ಸಂಪರ್ಕಗಳೂ ಜೀವಂತ. ಧಾರವಾಡದವನ ಪಾಲಿಗೆ ಬ್ಯಾಂಕೇ ಮುಚ್ಚಿದೆ.

ಪರಿಹಾರವೆಂದರೆ, ಸೇರಬೇಕಾದ ವಿಳಾಸದೊಡನೆ ಹೊರಟ ವಿಳಾಸವನ್ನೂ ಪರಿಶೀಲಿಸುವುದು. ೧೯೯೯ರಲ್ಲಿ ಬಂದ ಲಿನಕ್ಸ್ ೨.೨ನೆಯ ಆವೃತ್ತಿಯಿಂದಲೂ ಒಂದೇ ಗಣಕದಲ್ಲಿ ಹಲವು ಮಾರ್ಗಪಟ್ಟಿಗಳನ್ನು ಇಡುವ ಸೌಲಭ್ಯವುಂಟು. ಪ್ರತಿ ಸಂಸ್ಥೆಗೂ ಒಂದೊಂದು ಪಟ್ಟಿಯನ್ನು ರಚಿಸಿ, ಪ್ರತಿಯೊಂದರಲ್ಲಿಯೂ ಆಯಾ ಸಂಸ್ಥೆಯ ಬಾಗಿಲನ್ನೇ ಡಿಫಾಲ್ಟ್ ಮಾರ್ಗವನ್ನಾಗಿ ಬರೆಯತಕ್ಕದ್ದು. ಬಳಿಕ, ಮೊದಲ ವಿಳಾಸದಿಂದ ಹೊರಡುವುದು ಮೊದಲ ಪಟ್ಟಿಯನ್ನೂ, ಎರಡನೆಯ ವಿಳಾಸದಿಂದ ಹೊರಡುವುದು ಎರಡನೆಯ ಪಟ್ಟಿಯನ್ನೂ ಅನುಸರಿಸಲೆಂದು ನಿಯಮವಿಡಬೇಕು. ಸರ್ವರ್ ತಾನಾಗಿ ಆರಂಭಿಸುವ ಸಂಭಾಷಣೆಗಳಿಗೆ ಹಳೆಯ ಸಾಮಾನ್ಯ ಪಟ್ಟಿಯೇ ಸಾಕು. ನಡುವೆ ವಿಳಾಸ ಬದಲಿಸುವ ಯಂತ್ರವಿದ್ದರೆ ಸರ್ವರ್‌ಗೆ ಮೂಲ ಬಾಗಿಲು ತಿಳಿಯುವುದಿಲ್ಲ. ಆಗ ಆ ಯಂತ್ರದಲ್ಲಿಯೇ, ಬಂದ ಬಾಗಿಲಿನ ಗುರುತನ್ನು ಪ್ರತಿ ಸಂಭಾಷಣೆಗೂ ಹಾಕಿಟ್ಟು, ಉತ್ತರವನ್ನು ಆ ಗುರುತಿನಂತೆ ಕಳುಹಿಸಬೇಕಾಗುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿಸುವುದು, ಇಷ್ಟೇ ಇದರ ಸೂತ್ರ.

ಇಲ್ಲಿಗೆ ಕಾರ್ಯ ಮುಗಿಯಲಿಲ್ಲ. ಸರ್ವರ್‌ನ ಬದಿಯ ದೀಪವು ಹತ್ತಿರದ ರೂಟರ್‌ವರೆಗಿನ ಕ್ಷೇಮವನ್ನಷ್ಟೇ ಸೂಚಿಸುತ್ತದೆ. ಅದರಾಚೆ ಮಾರ್ಗ ಕಡಿದಿರಬಹುದು. ಆದುದರಿಂದ ಪ್ರತಿ ಮಾರ್ಗದಲ್ಲಿಯೂ ದೂರದ ಒಂದು ವಿಳಾಸವನ್ನು ಆಗಾಗ ವಿಚಾರಿಸಿ ನೋಡುತ್ತಿರಬೇಕು. ಎರಡು ಸಂಸ್ಥೆಗಳ ತಂತುಗಳು ಒಂದೇ ರಸ್ತೆಯ ಒಂದೇ ಅಗಳಿನಲ್ಲಿ ಮಲಗಿದ್ದರೆ ಗುದ್ದಲಿಯ ಒಂದೇ ಪೆಟ್ಟಿಗೆ ಎರಡೂ ಹೋದಾವು. ೨೦೦೮ರ ಜನವರಿ ೩೦ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಸಮುದ್ರತಳದ ಕೇಬಲ್‌ಗಳು ಕಡಿದು, ಭಾರತದ ಅಂತರ್ಜಾಲವು ಬಹಳವಾಗಿ ಕುಂಠಿತವಾದದ್ದು ಇದಕ್ಕೆ ದೊಡ್ಡ ಪ್ರಮಾಣದ ನಿದರ್ಶನ. ಕೇಬಲ್‌ಗಳು ಎರಡಾಗಿದ್ದರೂ ಹಾದಿ ಒಂದೇ ಆಗಿತ್ತು. ಪೂರ್ವದಿಕ್ಕಿನ ಮಾರ್ಗಗಳೇ ಆಗ ಆಸರೆಯಾದವು.

ಇನ್ನು, ಹೊರಗಿನವರು ಯಾವ ಬಾಗಿಲಿಗೆ ಬರಬೇಕೆಂಬುದು ಸರ್ವರ್‌ನ ಅಧೀನದಲ್ಲಿಲ್ಲ. ಒಂದೇ ವಿಳಾಸವು ಎರಡು ಸಂಸ್ಥೆಗಳ ಮೂಲಕವೂ ಲೋಕಕ್ಕೆ ಕಾಣಬೇಕಾದರೆ ಸ್ವಂತ ವಿಳಾಸಸಮೂಹವೂ, ಸ್ವಾಯತ್ತ ಜಾಲವೆಂಬ ಸಂಖ್ಯೆಯೂ, ೧೯೮೯ರಲ್ಲಿ ಮೊದಲು ಪ್ರಕಟವಾದ ಬಿ.ಜಿ.ಪಿ. ಎಂಬ ಮಾರ್ಗವಿನಿಮಯ ಪದ್ಧತಿಯೂ ಬೇಕು. ವಿಳಾಸಸಮೂಹದಲ್ಲಿ ೨೫೬ಕ್ಕಿಂತ ಕಡಮೆ ವಿಳಾಸಗಳಿದ್ದರೆ ಲೋಕದ ರೂಟರ್‌ಗಳು ಸಾಮಾನ್ಯವಾಗಿ ಅದನ್ನು ಅಂಗೀಕರಿಸುವುದಿಲ್ಲ. ಭಾರತದಲ್ಲಿ ೨೦೧೨ರಿಂದ ಇವುಗಳನ್ನು ಹಂಚುವ ಐ.ಆರ್.ಐ.ಎನ್.ಎನ್. ವಿಭಾಗವು, ೨೦೦೩ರಲ್ಲಿ ಸ್ಥಾಪಿತವಾದ ನಿಕ್ಸಿ ಸಂಸ್ಥೆಗೆ ಸೇರಿದ್ದು. ದೇಶದೊಳಗಿನ ಪೊಟ್ಟಣಗಳು ಪರದೇಶವನ್ನು ಸುತ್ತಿ ಬರುವುದನ್ನು ತಪ್ಪಿಸಲೆಂದು ಅದೇ ಸಂಸ್ಥೆಯು ನೋಯ್ಡಾದಲ್ಲಿ ವಿನಿಮಯ ಕೇಂದ್ರವನ್ನು ತೆರೆಯಿತು.

ಸಾರಾಂಶವಿಷ್ಟು: ಮಾರ್ಗಗಳ ಸಂಖ್ಯೆಯು ಖರೀದಿಯಿಂದ ಬರುತ್ತದೆ, ಭದ್ರತೆಯು ವಿಧಾನದಿಂದ ಬರುತ್ತದೆ. ಎರಡನೆಯ ಸಂಪರ್ಕದ ನಿಜವಾದ ಬೆಲೆಯು ಮೊದಲನೆಯದನ್ನು ಬೇಕೆಂದೇ ಬಿಚ್ಚಿ ಪರೀಕ್ಷಿಸಿದ ದಿನ ಗೊತ್ತಾಗುತ್ತದೆ. ಆ ಪರೀಕ್ಷೆಯನ್ನು ಗ್ರಾಹಕನ ಕಷ್ಟದ ದಿನಕ್ಕೆ ಬಿಡುವುದು ಉಚಿತವಲ್ಲ.