ಬೀಗದ ಕೈ ತಂದವರು ಯಾರು?

ಕುಂದಾಪುರ ಸೀಮೆಯ ಗುಲ್ವಾಡಿಯಲ್ಲಿ ಆಷಾಢದ ಮಳೆ ಹೊಯ್ಯುತ್ತಿದೆ ಅಂದುಕೊಳ್ಳಿ. ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗಿ ಬೆಂಗಳೂರಿನ ಕಚೇರಿಯ ಲೆಕ್ಕ ನೋಡುತ್ತಿದ್ದಾಳೆ. ತಿಂಗಳಲ್ಲಿ ಕೆಲವು ದಿನ ಅಲ್ಲಿ, ಉಳಿದದ್ದು ಇಲ್ಲಿ. ನಡುವಿನ ಇಂಟರ್ನೆಟ್ ಹಾದಿ ಎಲ್ಲರದು. ಕದ್ದು ಕೇಳುವವರೂ ಇದ್ದಾರು. ಅದಕ್ಕೇ ಅವಳು ವಿಪಿಎನ್ ಆನ್ ಮಾಡುತ್ತಾಳೆ. ಮುಂದೆ ಹೋಗುವುದೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲೇ. ಪಕ್ಕದಲ್ಲಿ ಕೂತ ಅಮ್ಮಮ್ಮ ಕೇಳಿಯೇ ಬಿಡಬಹುದು: “ಹೆಣೆ, ಆ ಬೀಗದ್ ಕೈ ನಿಂಗ್ ಯಾರ್ ತಂದ್ ಕೊಟ್ರ್?”

ಬಹು ಹಳೆಯ ಪ್ರಶ್ನೆ ಇದು. ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಕಾದಂಬರಿ ಪ್ರಕಟಿಸಿದ 1899ರಲ್ಲೂ, ಆಮೇಲಿನ ಎಪ್ಪತ್ತು ವರ್ಷವೂ ಇದಕ್ಕಿದ್ದ ಉತ್ತರ ಒಂದೇ: ಗುಪ್ತಲಿಪಿಯ ಕೀಲಿಯನ್ನು ನಂಬಿಕಸ್ತನೊಬ್ಬ ಮೊದಲೇ ಮುಟ್ಟಿಸಿರಬೇಕು. ಅವನು ಸಿಕ್ಕಿಬಿದ್ದರೆ ಗುಟ್ಟೂ ಹೋಯಿತು.

1970ರಲ್ಲಿ ಅಮೆರಿಕದ ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ, ಮನೆಮನೆಗೂ ಟರ್ಮಿನಲ್ ಬರುವ ಕಾಲದ ಬಗ್ಗೆ ಬರೆದರು. ಅದು ಗುಪ್ತಲಿಪಿಯ ಬೆನ್ನು ಹತ್ತಿದ್ದ ವಿಟ್‌ಫೀಲ್ಡ್ ಡಿಫಿಯ ತಲೆ ಕೊರೆಯಿತು. ಮುಖ ಕಾಣದವರ ನಡುವೆ ಗುಟ್ಟು ಹೇಗೆ? ಸಹಿ ಹೇಗೆ? 1975ರಲ್ಲಿ ಮೆಕಾರ್ಥಿಯವರ ಮನೆ ನೋಡಿಕೊಳ್ಳುತ್ತಿದ್ದಾಗಲೇ ಡಿಫಿಗೆ ದಾರಿ ಹೊಳೆಯಿತು. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಮಾರ್ಟಿನ್ ಹೆಲ್ಮನ್ ಅದಕ್ಕೆ ಲೆಕ್ಕ ಕೂಡಿಸಿದರು. 1976ರ ನವೆಂಬರಿನಲ್ಲಿ ಇಬ್ಬರ ಪ್ರಬಂಧ ಅಚ್ಚಾಯಿತು. ಬರ್ಕ್ಲಿಯ ವಿದ್ಯಾರ್ಥಿ ರಾಲ್ಫ್ ಮರ್ಕಲ್ ಕೂಡ ಇದೇ ಗಂಟು ಬಿಚ್ಚುತ್ತಿದ್ದರು.

ಉಪಾಯ ಇಷ್ಟು. 23 ಮತ್ತು 5 ಎಂಬ ಸಂಖ್ಯೆಗಳು ಊರಿಗೆಲ್ಲ ಗೊತ್ತಿರಲಿ. ಹುಡುಗಿಯ ಲ್ಯಾಪ್‌ಟಾಪ್ 6 ಎಂಬ ಗುಟ್ಟನ್ನು ಇಟ್ಟುಕೊಂಡು ಆರು 5ಗಳನ್ನು ಗುಣಿಸಿ, 23ರಿಂದ ಭಾಗಿಸಿ, ಉಳಿದ 8ನ್ನು ಬಹಿರಂಗವಾಗಿ ಕಳಿಸುತ್ತದೆ. ಕಚೇರಿಯ ಗುಟ್ಟು 15. ಇದೇ ರೀತಿ ಲೆಕ್ಕ ಮಾಡಿ ಅಲ್ಲಿಂದ ಬರುವುದು 19. ಈಗ ಇವಳ ಯಂತ್ರ ಆರು 19ಗಳನ್ನು, ಅಲ್ಲಿಯದು ಹದಿನೈದು 8ಗಳನ್ನು ಗುಣಿಸಿ 23ರಿಂದ ಭಾಗಿಸಲಿ. ಎರಡೂ ಕಡೆ ಉಳಿಯುವುದು 2. ಅದೇ ಕೀಲಿ! ಯಾರೂ ಅದನ್ನು ಹೊತ್ತು ತರಲಿಲ್ಲ. ನಿಜವಾದ ಬಳಕೆಯಲ್ಲಿ 23ರ ಜಾಗದಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ ಇರುತ್ತದೆ. ಹಿಂದಿನಿಂದ ಲೆಕ್ಕ ಬಿಚ್ಚುವುದು ಇಂದಿನ ಕಂಪ್ಯೂಟರಿಗೆ ಆಗದ ಮಾತು.

ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿ ಜೇಮ್ಸ್ ಎಲಿಸ್, ಕೀಲಿಯನ್ನು ಮೊದಲೇ ಮುಟ್ಟಿಸದೆ ಗುಟ್ಟು ಕಳಿಸುವ ಈ ಕಲ್ಪನೆಯನ್ನು ಇವರಿಗೂ ಮೊದಲು, 1970ರಲ್ಲೇ ಮುಂದಿಟ್ಟಿದ್ದರು. ಅಲ್ಲೇ ಮಾಲ್ಕಂ ವಿಲಿಯಮ್ಸನ್ 1974ರಲ್ಲಿ ಇದೇ ಲೆಕ್ಕಕ್ಕೆ ತಲುಪಿದ್ದರು. ಕಡತ ಬೀಗದೊಳಗೇ ಉಳಿಯಿತು. ಸಂಗತಿ ಹೊರಬಿದ್ದದ್ದು 1997ರ ಡಿಸೆಂಬರಿನಲ್ಲಿ. ಎಲಿಸ್ ಅದರ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಮುಚ್ಚಿಟ್ಟದ್ದು ಲೋಕಕ್ಕೆ ದಕ್ಕಲಿಲ್ಲ, ಅಚ್ಚುಹಾಕಿ ಹಂಚಿದ್ದು ಎಲ್ಲರ ಗುಟ್ಟನ್ನೂ ಕಾಯಿತು.

2020ರ ಮಾರ್ಚ್ 25ರಂದು ಕೋವಿಡ್‌ನಿಂದ ದೇಶ ಲಾಕ್‌ಡೌನ್ ಆಗಿ, ಕಚೇರಿಯ ಕೆಲಸ ಮನೆಗೇ ಬಂತು. ಅದಾಗಿ ನಾಲ್ಕೇ ದಿನಕ್ಕೆ ಬಂದ, ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ತಿರುಳಿನ 5.6ನೇ ಆವೃತ್ತಿಯೊಳಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸೇರಿತ್ತು. ಅದರ ತಳದಲ್ಲಿರುವುದೂ ಡಿಫಿ–ಹೆಲ್ಮನ್ ಉಪಾಯವೇ.

ಒಂದು ಕೊರತೆ ಮಾತ್ರ ಇದೆ. ಆಚೆ ತುದಿಯಲ್ಲಿ ಕೂತವರು ಯಾರೆಂದು ಈ ಲೆಕ್ಕ ಹೇಳಲಾರದು. ಅದಕ್ಕಾಗಿಯೇ ಡಿಜಿಟಲ್ ಸಹಿ, ಪಾಸ್‌ವರ್ಡ್, ಒಟಿಪಿ. ಕೀಲಿ ಕಾಯುವ ಕೆಲಸ ಗಣಿತದ್ದು. ಒಟಿಪಿ ಕಾಯುವುದು ನಿಮ್ಮದು. ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ.